ಗುಣವಾಗದ ಕಾಲಿನ ಕುದುರೆ

ಇಂಗ್ಲೆಂಡಿನ ಸೌತ್‌ಪೋರ್ಟ್ ಎಂಬ ಕಡಲ ಊರಿನಲ್ಲಿ, ಎಕ್ಸ್‌ರೇ ಮೇಜಿನ ಮೇಲೆ ಕಾಲು ಚಾಚಿ ಕೂತಿದ್ದ ಅಜ್ಜನಿಗೆ ಎಂಬತ್ತು ದಾಟಿತ್ತು. ಪಾದದ ನೋವು, ಬಹಳ ವರ್ಷಗಳದ್ದು. ಪಾದವನ್ನು ಬೇಕಾದ ಕೋನಕ್ಕೆ ತಿರುಗಿಸಿ, ಅಡಿಗೆ ಸ್ಪಂಜಿನ ತುಂಡು ಇಟ್ಟು ಸರಿಮಾಡುತ್ತಿದ್ದೆ. "ನಿನಗೆ ರೆಡ್ ರಮ್ ಗೊತ್ತೇನಮ್ಮಾ?" ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಅವರ ಮುಖದಲ್ಲಿ ಮೂಡಿದ ಆಶ್ಚರ್ಯ ಈಗಲೂ ನೆನಪಿದೆ. "ಈ ಊರಲ್ಲಿದ್ದು ಗೊತ್ತಿಲ್ಲವೇ? ಅವನ ಪಾದದ ಮೂಳೆಯೂ ಹೀಗೇ ಕೆಟ್ಟಿತ್ತು. ನಮ್ಮ ಸಮುದ್ರ ಅವನನ್ನು ಓಡಿಸಿತು" ಎಂದರು. ಅವರ ಹಳೆಯ ಗೆಳೆಯನೋ, ಇಲ್ಲಿನ ಫುಟ್‌ಬಾಲ್ ಆಟಗಾರನೋ ಇರಬೇಕು ಅಂದುಕೊಂಡು, ಅಲುಗಾಡಬೇಡಿ ಎಂದು ಹೇಳಿ ಗಾಜಿನ ಹಿಂದೆ ಹೋದೆ.

ಸಂಜೆ ಮನೆಗೆ ಬಂದು ಹುಡುಕಿದರೆ ಅದು ಕುದುರೆ. ಲಿವರ್‌ಪೂಲ್ ಪಕ್ಕದ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಎಂಬ ಬೇಲಿ ಹಾರುವ ಓಟವನ್ನು 1973, 1974, 1977ರಲ್ಲಿ ಗೆದ್ದ ಕುದುರೆ. ನಡುವಿನ 1975, 1976ರಲ್ಲಿ ಎರಡನೆಯ ಸ್ಥಾನ. ಐದು ವರ್ಷ, ಐದು ಓಟ, ಎರಡಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ. 1839ರಿಂದ ನಡೆದುಬಂದ ಆ ಓಟವನ್ನು ಮೂರು ಸಲ ಗೆದ್ದ ಇನ್ನೊಂದು ಕುದುರೆಯಿಲ್ಲ. ಆದರೆ ಆ ರಾತ್ರಿ ನನ್ನನ್ನು ಹಿಡಿದು ಕೂರಿಸಿದ್ದು ಈ ಲೆಕ್ಕಕ್ಕಿಂತ ಹೆಚ್ಚಾಗಿ ಒಂದು ಕಾಯಿಲೆಯ ಹೆಸರು: ಪೆಡಲ್ ಆಸ್ಟಿಯೈಟಿಸ್.

ಮೂಳೆಯ ಚಿತ್ರ ತೆಗೆಯುವುದೇ ನನ್ನ ಕೆಲಸವಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕುದುರೆ ನಿಲ್ಲುವುದು ಪ್ರತಿ ಕಾಲಿನಲ್ಲೂ ಒಂದೇ ಒಂದು ಬೆರಳಿನ ತುದಿಯ ಮೇಲೆ. ಅದರ ಮುಂಗಾಲಿನಲ್ಲಿ ಮಂಡಿಯ ಹಾಗೆ ಕಾಣುವ ಗಂಟು ನಮ್ಮ ಲೆಕ್ಕದಲ್ಲಿ ಮಣಿಕಟ್ಟು. ಅದರ ಕೆಳಗಿರುವುದೆಲ್ಲ ಅಂಗೈ ಮತ್ತು ನಡುಬೆರಳು. ಗೊರಸು ಎಂದರೆ ಆ ಬೆರಳಿನ ಉಗುರು. ಉಗುರಿನೊಳಗೆ ಅಡಗಿ ಕೂತ ಬೆರಳತುದಿಯ ಮೂಳೆಯೇ ಪೆಡಲ್ ಮೂಳೆ. ಐನೂರು ಕಿಲೋ ಆಸುಪಾಸಿನ ಪ್ರಾಣಿ ಬೇಲಿ ಹಾರಿ ನೆಲಕ್ಕೆ ಇಳಿಯುವಾಗ ಆ ಪೆಟ್ಟೆಲ್ಲ ಮೊದಲು ಬೀಳುವುದು ಮುಂಗಾಲಿನ ಈ ಮೂಳೆಗೆ. ಗಟ್ಟಿ ನೆಲದ ಮೇಲೆ ಮತ್ತೆ ಮತ್ತೆ ಬಡಿದು ಬಡಿದು ಅಲ್ಲಿ ಉರಿಯೂತ ಹುಟ್ಟುತ್ತದೆ. ಮೂಳೆಯ ಅಂಚು ಒರಟಾಗುತ್ತದೆ, ಅಲ್ಲಲ್ಲಿ ಸವೆದು ಕರಗಿದ ಹಾಗೆ ಚಿತ್ರದಲ್ಲಿ ಕಾಣುತ್ತದೆ. ಗೊರಸು ಗಟ್ಟಿ ಪೆಟ್ಟಿಗೆ, ಒಳಗಿನದು ಊದಿದರೆ ಹಿಗ್ಗಲು ಜಾಗವಿಲ್ಲ. ಬಾಗಿಲ ಸಂದಿಗೆ ಬೆರಳು ಸಿಕ್ಕಿ ಉಗುರಿನಡಿ ರಕ್ತ ಹೆಪ್ಪುಗಟ್ಟಿದಾಗ ಹೇಗಿರುತ್ತದೆ ಎಂದು ಅನುಭವಿಸಿದವರಿಗೆ ಗೊತ್ತು. ಆ ಉಗುರಿನ ಮೇಲೇ ನಿಂತು ಓಡಬೇಕು ಎಂದರೆ?

ಸವೆದ ಆ ಮೂಳೆ ಮತ್ತೆ ಮೊದಲಿನಂತಾಗುವುದಿಲ್ಲ. ಅಂಥ ಕುದುರೆಯನ್ನು ಕೊಳ್ಳುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ.

ಇಷ್ಟು ಓದುವವರೆಗೆ ಕುದುರೆ ಓಟದ ಬಗ್ಗೆ ನನಗೆ ಆಸಕ್ತಿಯಿರಲಿ, ಗೌರವವೂ ಇರಲಿಲ್ಲ. ನಾನು ಬೆಳೆದದ್ದು ಕುಂದಾಪುರದ ಕಡೆ. ನಮ್ಮ ಮನೆಯಲ್ಲಿ ರೇಸು ಎಂಬುದು ದನಿ ತಗ್ಗಿಸಿ ಆಡುವ ಮಾತು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನಮ್ಮ ಸಂಬಂಧದವರೊಬ್ಬರು ರೇಸ್ ಕೋರ್ಸಿಗೆ ಹೋಗಿ ಹೋಗಿ, ಹೆಂಡತಿಯ ಕರಿಮಣಿಯೊಂದನ್ನು ಬಿಟ್ಟು ಉಳಿದ ಬಂಗಾರವನ್ನೆಲ್ಲ ಕಳೆದಿದ್ದರು. ಅವರು ಊರಿಗೆ ಬಂದಾಗ ಅಂಗಳದಲ್ಲಿ ಒಬ್ಬರೇ ಕೂರುತ್ತಿದ್ದದ್ದು ನೆನಪಿದೆ. ಹಾಗಾಗಿ ಕುದುರೆ ಎಂದರೆ ನನ್ನ ತಲೆಯಲ್ಲಿ ಹಣ, ಸಾಲ, ಅಳು. ಅದೊಂದು ಜೀವ, ಅದಕ್ಕೂ ಒಂದು ಬಾಲ್ಯ, ಒಂದು ನೋವು ಇರುತ್ತದೆ ಎಂದು ಯೋಚಿಸಿದ್ದೇ ಇಲ್ಲ.

ರೆಡ್ ರಮ್ ಹುಟ್ಟಿದ್ದು 1965ರ ಮೇ 3ರಂದು, ಐರ್ಲೆಂಡಿನ ಕಿಲ್ಕೆನಿ ಪ್ರಾಂತದಲ್ಲಿ. ತಾಯಿಯ ಹೆಸರು ಮೇರೆಡ್, ತಂದೆಯದು ಕ್ವೋರಮ್. ತಾಯಿಯ ಹೆಸರಿನ ಕೊನೆಯನ್ನೂ ತಂದೆಯ ಹೆಸರಿನ ಕೊನೆಯನ್ನೂ ಜೋಡಿಸಿ ಈ ಹೆಸರು ಮಾಡಿದರು. ಅಪ್ಪ ಒಂದು ಮೈಲಿಯ ಆಸುಪಾಸಿನ ಓಟಗಳ ಕುದುರೆ. ಮಗನನ್ನೂ ಬೇಲಿಯಿಲ್ಲದ ಸಮತಟ್ಟು ಬಯಲಿನಲ್ಲಿ, ಸಣ್ಣ ದೂರ ಜೋರಾಗಿ ಓಡಿಸಬೇಕೆಂದೇ ಹುಟ್ಟಿಸಿದ್ದು. ವರ್ಷದ ಮರಿಯಾಗಿದ್ದಾಗ 400 ಗಿನಿಗೆ, ಅಂದರೆ 420 ಪೌಂಡಿಗೆ, ಟಿಮ್ ಮೊಲೋನಿ ಎಂಬ ಮಾಜಿ ಜಾಕಿ ಕೊಂಡರು. ರೇಸಿನ ಲೋಕದಲ್ಲಿ ಅದು ಚಿಲ್ಲರೆ ಹಣ.

ಮೊದಲ ಓಟ 1967ರ ಏಪ್ರಿಲ್‌ನಲ್ಲಿ, ಏಂಟ್ರಿಯಲ್ಲೇ. ಎರಡು ವರ್ಷದ ಮರಿಗಳ ಐದು ಫರ್ಲಾಂಗಿನ ಓಟ. ನಮ್ಮ ಅಜ್ಜಂದಿರ ಬಾಯಲ್ಲಿ ಶಾಲೆ ಎರಡು ಫರ್ಲಾಂಗು, ದೇವಸ್ಥಾನ ಮೂರು ಫರ್ಲಾಂಗು ಎಂದು ಕೇಳಿದ್ದೇವಲ್ಲ, ಅದೇ ಫರ್ಲಾಂಗು. ಐದು ಎಂದರೆ ಸರಿಸುಮಾರು ಒಂದು ಕಿಲೋಮೀಟರು. ಅದು 'ಸೆಲ್ಲಿಂಗ್' ಓಟ: ಗೆದ್ದ ಕುದುರೆಯನ್ನು ಅಲ್ಲೇ ನಿಲ್ಲಿಸಿ ಹರಾಜು ಕೂಗುತ್ತಾರೆ. ಮಾಲೀಕನಿಗೇ ಹೆಚ್ಚು ನಂಬಿಕೆಯಿಲ್ಲದ ಕುದುರೆಗಳು ಓಡುವ ಕೆಳಗಿನ ದರ್ಜೆಯ ಓಟ ಅದು. ಅದರಲ್ಲೂ ಅವನು ಗೆದ್ದದ್ದು ಅರ್ಧ. ಇನ್ನೊಂದು ಕುದುರೆಯ ಜೊತೆ ಸಮಸಮ. ಮರುದಿನ ಅದೇ ಬಯಲಿನಲ್ಲಿ ಗ್ರ್ಯಾಂಡ್ ನ್ಯಾಷನಲ್ ಇತ್ತು. ಒಂದು ಬೇಲಿಯ ಮುಂದೆ ಕುದುರೆಗಳೆಲ್ಲ ಒಂದರ ಮೇಲೊಂದು ರಾಶಿ ಬಿದ್ದು, ಬಹಳ ಹಿಂದಿದ್ದ ಫೊಯ್ನಾವನ್ ಎಂಬ, ಗೆಲ್ಲುವುದಿಲ್ಲವೆಂದು ಬಾಜಿಯಲ್ಲಿ ಒಂದಕ್ಕೆ ನೂರರ ದರ ಕಟ್ಟಿದ್ದ ಕುದುರೆ ಸಂದಿಯಲ್ಲಿ ನುಸುಳಿ ಗೆದ್ದ ಪ್ರಸಿದ್ಧ ವರ್ಷ ಅದು. ಆ ಗಲಾಟೆಯಲ್ಲಿ, ಹಿಂದಿನ ದಿನ ಒಂದು ಕಿಲೋಮೀಟರು ಓಡಿ ಹೋದ ಮರಿಯನ್ನು ನೆನಪಿಡುವವರು ಯಾರು?

ಆಮೇಲೆ ಅವನು ಕೈಯಿಂದ ಕೈಗೆ ಹೋದ. ಶ್ರೀಮತಿ ಬ್ರದರ್ಟನ್ ಎಂಬಾಕೆ ಕೊಂಡರು. 1950ರಲ್ಲಿ ಫ್ರೀಬೂಟರ್ ಎಂಬ ಕುದುರೆಯಿಂದ ಗ್ರ್ಯಾಂಡ್ ನ್ಯಾಷನಲ್ ಗೆದ್ದಿದ್ದ ಮಾಲೀಕರು ಅವರು. ಬಾಬಿ ರೆಂಟನ್ ಎಂಬ ವೃದ್ಧ ತರಬೇತುದಾರರ ಲಾಯದಲ್ಲಿ ಬೇಲಿ ಹಾರುವುದನ್ನು ಕಲಿತ. ರೆಂಟನ್ ನಿವೃತ್ತರಾದಾಗ ಅವರ ಜಾಕಿ ಟಾಮಿ ಸ್ಟ್ಯಾಕ್ ಸ್ವಲ್ಪ ಕಾಲ ನೋಡಿಕೊಂಡರು, ನಂತರ ಆಂಥನಿ ಗಿಲಮ್. ಗೆಲ್ಲುತ್ತಿದ್ದ, ಸೋಲುತ್ತಿದ್ದ, ಬಿಡುವಿಲ್ಲದೆ ಓಡುತ್ತಿದ್ದ. ಈ ವರ್ಷಗಳ ಪಟ್ಟಿ ನೋಡುವಾಗ ನನಗೆ ಸಂಕಟವಾಗುತ್ತದೆ. ಗಟ್ಟಿ ನೆಲ, ಮೆತ್ತನೆಯ ನೆಲ, ಬೇರೆ ಬೇರೆ ಜಾಕಿಗಳು, ಬೇರೆ ಬೇರೆ ಕೈಚಾಟಿ. ಕಾಲು ನೋಯಲು ಶುರುವಾದದ್ದು ಈ ಅವಧಿಯಲ್ಲೇ. 1972ರ ಆಗಸ್ಟ್‌ನಲ್ಲಿ ಅವನನ್ನು ಡಾಂಕಾಸ್ಟರ್ ಹರಾಜಿಗೆ ತಂದು ನಿಲ್ಲಿಸಿದರು. ಒಮ್ಮೆ ನ್ಯಾಷನಲ್ ಗೆದ್ದು ಇನ್ನೊಮ್ಮೆ ಗೆಲ್ಲಲು ಆಸೆಪಟ್ಟಿದ್ದ ಬ್ರದರ್ಟನ್ ಅವರ ಕೈಯಿಂದ, ಮೂರು ಸಲ ಗೆಲ್ಲಲಿದ್ದ ಕುದುರೆ ಹೀಗೆ ಜಾರಿಹೋಯಿತು.

ಕೊಂಡವರು ಡೊನಾಲ್ಡ್ ಮೆಕೇನ್. ಕೆಂಗೂದಲಿಗಾಗಿ ಎಲ್ಲರೂ ಜಿಂಜರ್ ಎಂದು ಕರೆಯುತ್ತಿದ್ದರು. ನಾನಿರುವ ಈ ಸೌತ್‌ಪೋರ್ಟಿನವರೇ. ಟ್ಯಾಕ್ಸಿ ಓಡಿಸುತ್ತಿದ್ದರು, ಹಳೆಯ ಕಾರುಗಳ ವ್ಯಾಪಾರ ಮಾಡುತ್ತಿದ್ದರು, ಊರಿನ ಭಾಗವಾದ ಬರ್ಕ್‌ಡೇಲಿನಲ್ಲಿದ್ದ ತಮ್ಮ ಕಾರು ಅಂಗಡಿಯ ಹಿಂದಿನ ಅಂಗಳದಲ್ಲಿ ಕೆಲವು ಕುದುರೆಗಳನ್ನು ಸಾಕುತ್ತಿದ್ದರು. ದೊಡ್ಡ ತರಬೇತುದಾರರ ಹಾಗೆ ಎಕರೆಗಟ್ಟಲೆ ಹುಲ್ಲುಗಾವಲಿಲ್ಲ. ವರ್ಷಗಟ್ಟಲೆ ಹೇಳಿಕೊಳ್ಳುವಂಥ ಗೆಲುವೂ ಇಲ್ಲ. ಅವರ ಟ್ಯಾಕ್ಸಿಯಲ್ಲಿ ಶನಿವಾರದ ಸಂಜೆ ಊರಿನ ಹೋಟೆಲಿಗೆ ಊಟಕ್ಕೆ ಹೋಗುತ್ತಿದ್ದವರು ನೋಯೆಲ್ ಲ ಮೇರ್ ಎಂಬ ವೃದ್ಧರು. ದುಡಿದು ಶ್ರೀಮಂತರಾದ ಎಂಜಿನಿಯರ್. ಹುಡುಗನಾಗಿದ್ದಾಗ ಮೂರು ಆಸೆ ಕಟ್ಟಿಕೊಂಡಿದ್ದರಂತೆ: ಚೆಂದದ ಹುಡುಗಿಯನ್ನು ಮದುವೆಯಾಗಬೇಕು, ಲಕ್ಷಾಧೀಶನಾಗಬೇಕು, ಗ್ರ್ಯಾಂಡ್ ನ್ಯಾಷನಲ್ ಗೆಲ್ಲಬೇಕು. ಮೊದಲೆರಡು ಕೈಗೂಡಿದ್ದವು. ಮೂರನೆಯದಕ್ಕೆ ವಯಸ್ಸು ಎಂಬತ್ತು ದಾಟಿತ್ತು. ಟ್ಯಾಕ್ಸಿಯ ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ನಡೆದ ಕುದುರೆ ಮಾತೇ ಕೊನೆಗೆ 6,000 ಗಿನಿಯ ವ್ಯಾಪಾರವಾಯಿತು.

ಮುಂದಿನದು ಮೆಕೇನ್ ತಾವೇ ಬದುಕಿರುವವರೆಗೂ ಹೇಳುತ್ತಿದ್ದ ಕಥೆ. ಹೊಸ ಕುದುರೆಯನ್ನು ಮೊದಲ ಸಲ ಬೀಚಿಗೆ ಕರೆದೊಯ್ದು ನಿಧಾನ ಓಡಿಸಿ ನೋಡಿದರೆ ಅದು ಕುಂಟುತ್ತಿದೆ. ಮುದುಕನ ಆರು ಸಾವಿರ ಗಿನಿ ಕುಂಟು ಕುದುರೆಗೆ ಹೋಗಿದೆ! ಮೆಕೇನ್ ಅದನ್ನು ಸಮುದ್ರಕ್ಕೆ ಇಳಿಸಲು ಹೇಳಿದರು. ತಣ್ಣನೆಯ ಉಪ್ಪುನೀರಿನಲ್ಲಿ ಅಡ್ಡಾಡಿಸಿದರು. ನೀರಿನಿಂದ ಮೇಲೆ ಬಂದಾಗ ಕುಂಟು ಕಾಣಿಸಲಿಲ್ಲ.

ಈ ಉಪಾಯ ಅವರಿಗೆ ಸುಮ್ಮನೆ ಹೊಳೆದದ್ದಲ್ಲ. ಸೌತ್‌ಪೋರ್ಟಿನ ಬೀಚು ನಮ್ಮ ಮರವಂತೆಯ ಹಾಗಲ್ಲ. ಇಳಿತದ ಹೊತ್ತಿಗೆ ಸಮುದ್ರ ಕಣ್ಣಿಗೆ ಕಾಣದಷ್ಟು ದೂರ ಹೋಗಿಬಿಡುತ್ತದೆ. ಮೈಲಿಗಟ್ಟಲೆ ಒದ್ದೆ ಮರಳು, ಚಪ್ಪಟೆ, ಬೂದು ಬಣ್ಣ. ಆಕಾಶ ತಿಳಿಯಾಗಿದ್ದರೆ ಆಚೆ ದಡದಲ್ಲಿ ಬ್ಲ್ಯಾಕ್‌ಪೂಲಿನ ಗೋಪುರ ಕಾಣುತ್ತದೆ. ಆ ಆಳವಿಲ್ಲದ ನೀರಿನಲ್ಲಿ ಸಿಗಡಿ ಹಿಡಿಯುವವರು ಬಲೆ ಕಟ್ಟಿದ ಗಾಡಿಗೆ ಕುದುರೆ ಹೂಡಿ ನೀರಿನಲ್ಲೇ ಎಳೆಸುತ್ತಿದ್ದರು. ಆಮೇಲೆ ಆ ಕೆಲಸಕ್ಕೆ ಟ್ರ್ಯಾಕ್ಟರ್ ಬಂತು. ಕಾಲು ಕೆಟ್ಟು ಬೇರೆ ಕೆಲಸಕ್ಕೆ ಬಾರದ ಕುದುರೆಗಳು ಈ ಸಿಗಡಿ ಗಾಡಿಗಳಿಗೆ ಬಂದು, ದಿನವೂ ಉಪ್ಪುನೀರಿನಲ್ಲಿ ನಡೆದು ನಡೆದು ಸರಿಹೋಗುತ್ತಿದ್ದದ್ದನ್ನು ಮೆಕೇನ್ ಎಳವೆಯಲ್ಲೇ ನೋಡಿದ್ದರು. ಪುಸ್ತಕದಲ್ಲಿ ಓದಿದ್ದಲ್ಲ, ತಮ್ಮೂರಿನ ಬಡ ಬೆಸ್ತರ ಕುದುರೆಯ ಕಾಲು ನೋಡಿ ತಿಳಿದದ್ದು. ಇದು ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ರೇಸ್ ಕುದುರೆಗಳಿಗೆ ಹೆಸರಾದ ನ್ಯೂಮಾರ್ಕೆಟ್ಟಿನ ದೊಡ್ಡ ಲಾಯಕ್ಕೆ ಹೋಗಿದ್ದರೆ ಅವನಿಗೆ ಒಳ್ಳೆಯ ಹುಲ್ಲು, ಒಳ್ಳೆಯ ಕಾಳು, ಒಳ್ಳೆಯ ವೈದ್ಯರು ಎಲ್ಲ ಸಿಗುತ್ತಿತ್ತು. ಸಿಗಡಿ ಕುದುರೆಯ ಕಾಲನ್ನು ಗಮನಿಸಿದ ಕಣ್ಣು ಸಿಗುತ್ತಿರಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವಳಿಗೆ ಏನೂ ಸೋಜಿಗವಾಗಲಿಲ್ಲ. "ಅದ್ರಲ್ಲ್ ಎಂತ ಹೊಸ್ತ್ ಇತ್ತ್ ಮಗಾ? ಕೋಣದ್ ಕಾಲ್ ಊದ್ರೆ ನಿನ್ ಅಜ್ಜಯ್ಯ ಹೊಳಿಗ್ ಹೊಡ್ಕಂಡ್ ಹೋಯಿ ನಿಲ್ಸ್ತಿದ್ರ್" ಅಂದಳು. ಅಜ್ಜಯ್ಯನ ಹಟ್ಟಿಯಲ್ಲಿ ಒಂದು ಜೋಡಿ ಕೋಣ ಇದ್ದದ್ದು, ಅವುಗಳ ಕಾಲಿಗೆ ಎಣ್ಣೆ ತಿಕ್ಕುವ ಹೊತ್ತಿನಲ್ಲಿ ಮಕ್ಕಳು ಹತ್ತಿರ ಸುಳಿಯಬಾರದಿದ್ದದ್ದು ನೆನಪಿದೆ. ಸಿಗಡಿ ಎಂದಾಗ ಮಾತ್ರ ಅವಳ ದನಿ ಚುರುಕಾಯಿತು. "ಅಲ್ಲಿ ಚಟ್ಲಿ ಹ್ಯಾಂಗಿರತ್ತ್?" ಸಣ್ಣದು, ಕಂದು ಬಣ್ಣ, ಬೆಣ್ಣೆಯಲ್ಲಿ ಅದ್ದಿ ಡಬ್ಬಿಯಲ್ಲಿ ಇಡುತ್ತಾರೆ ಎಂದೆ. ಅದಕ್ಕೆ ಅವಳು ಏನೂ ಹೇಳಲಿಲ್ಲ.

ಉಪ್ಪುನೀರಿಗೆ ನಿಜವಾಗಿ ಆ ಶಕ್ತಿ ಇತ್ತೇ? ನನ್ನ ಕೆಲಸದ ಕಣ್ಣಿನಿಂದ ನೋಡಿದರೆ, ತಣ್ಣನೆಯ ನೀರು ಊತವನ್ನು ತಗ್ಗಿಸುತ್ತದೆ, ನೋವನ್ನು ಮಂಕಾಗಿಸುತ್ತದೆ. ಅದಕ್ಕಿಂತ ದೊಡ್ಡ ಉಪಕಾರ ಒದ್ದೆ ಮರಳಿನದು ಎಂದು ನನಗೆ ಅನಿಸುತ್ತದೆ. ಬೇಸಿಗೆಯಲ್ಲಿ ಕಲ್ಲಾಗುವ, ಮಳೆಗೆ ಕೆಸರಾಗುವ ಬಯಲಿನ ಹಾಗಲ್ಲ ಅದು. ಪ್ರತಿ ಉಬ್ಬರಕ್ಕೂ ಸಮುದ್ರವೇ ಬಂದು ಹೊಸದಾಗಿ ಹಾಸಿ ಹೋಗುತ್ತದೆ. ಪೆಟ್ಟು ಕಡಿಮೆ. ಸವೆದ ಮೂಳೆಗೆ ಬೇಕಾದದ್ದು ಮೊದಲು ಅಷ್ಟೇ, ಇನ್ನಷ್ಟು ಪೆಟ್ಟು ಬೀಳದಿರುವುದು. ಬರ್ಕ್‌ಡೇಲಿನ ಅಂಗಳದಿಂದ ಊರಿನ ರಸ್ತೆಯಲ್ಲೇ ಸಾಲಾಗಿ ನಡೆದು, ಮರಳಿನಲ್ಲಿ ಓಡಿ, ನೀರಿನಲ್ಲಿ ಅಡ್ಡಾಡಿ ವಾಪಸು. ಚಳಿಯಿರಲಿ ಗಾಳಿಯಿರಲಿ, ಇದು ದಿನದಿನದ ಪಾಠ.

ಇಲ್ಲಿ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ. ನನ್ನ ಕೋಣೆಗೆ ಬರುವ ಅನೇಕರು 'ಇದು ಗುಣವಾಗುವುದಿಲ್ಲ' ಎಂಬ ಮಾತನ್ನು ಕೇಳಿಸಿಕೊಂಡು ಬಂದವರು. ವೈದ್ಯರು ಹೇಳಿದ್ದು ಒಂದು, ಅವರ ಕಿವಿಗೆ ಬಿದ್ದದ್ದು 'ಇನ್ನು ಏನೂ ಮಾಡಲಿಕ್ಕಿಲ್ಲ' ಎಂಬ ಇನ್ನೊಂದು. ಎರಡರ ನಡುವೆ ಎಷ್ಟು ದೂರವಿದೆ! ಅಲ್ಲಿ ಬೆಳಗ್ಗೆ ಎದ್ದು ಮಾಡುವ ವ್ಯಾಯಾಮವಿದೆ, ಮೆತ್ತನೆಯ ಚಪ್ಪಲಿಯಿದೆ, ಬಿಸಿನೀರು ತಣ್ಣೀರು ಇದೆ, ಜೊತೆಗೆ ಒಬ್ಬರು ನಡೆಯುವುದಿದೆ. ರೆಡ್ ರಮ್ ಗೆದ್ದದ್ದೆಲ್ಲ ಆ ಕೆಟ್ಟ ಮೂಳೆಯ ಕಾಲಿನಲ್ಲೇ. ಅವನಿಗೆ ಬೇರೆ ಕಾಲು ಯಾರೂ ತಂದುಕೊಡಲಿಲ್ಲ. ಇರುವ ಕಾಲನ್ನು ದಿನವೂ ಓಡುವ ಸ್ಥಿತಿಯಲ್ಲಿ ಇಟ್ಟರು. ಆ ಶರತ್ಕಾಲದಲ್ಲಿ ಮೆಕೇನರ ಹೆಸರಿನಲ್ಲಿ ಓಡಿದ ಮೊದಲ ಐದು ಓಟಗಳನ್ನೂ ಅವನು ಗೆದ್ದ.

ಈಗ 1973ರ ಮಾರ್ಚ್ 31. ಇದರ ದೃಶ್ಯ ಯೂಟ್ಯೂಬಿನಲ್ಲಿದೆ, ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಂದಿನ ಕಾಲದಲ್ಲಿ ಓಟದ ದೂರ ಸುಮಾರು ನಾಲ್ಕೂವರೆ ಮೈಲಿ, ಅಂದರೆ 36 ಫರ್ಲಾಂಗು. ಎರಡು ಸುತ್ತು, 30 ಬೇಲಿ. ಬೀಚರ್ಸ್ ಬ್ರೂಕ್ ಎಂಬ ಬೇಲಿಯಲ್ಲಿ ಹಾರುವ ಕಡೆಗಿಂತ ಇಳಿಯುವ ಕಡೆ ನೆಲ ತಗ್ಗಿನಲ್ಲಿರುತ್ತದೆ. ಗೊತ್ತಿಲ್ಲದ ಕುದುರೆ ಗಾಳಿಯಲ್ಲೇ ಕಾಲಿಗೆ ನೆಲ ಹುಡುಕುತ್ತದೆ. ಸಣ್ಣ ದೂರಕ್ಕೆಂದು ಹುಟ್ಟಿಸಿದ ಕುದುರೆ ಇಲ್ಲಿ 38 ಕುದುರೆಗಳ ನಡುವೆ ನಿಂತಿದೆ.

ಆದರೆ ಆ ಚಿತ್ರದ ನಾಯಕ ಬಹಳ ಹೊತ್ತಿನ ತನಕ ಅವನಲ್ಲ, ಕ್ರಿಸ್ಪ್. ಆಸ್ಟ್ರೇಲಿಯಾದಿಂದ ಬಂದ ಎತ್ತರದ, ಕಪ್ಪನೆಯ ಕುದುರೆ. ಹೊತ್ತ ಭಾರ 12 ಸ್ಟೋನ್, ಸುಮಾರು 76 ಕಿಲೋ. ರೆಡ್ ರಮ್ ಬೆನ್ನಿನ ಮೇಲೆ 66 ಕಿಲೋಗೂ ಕೊಂಚ ಕಡಿಮೆ. ಕುದುರೆಗಳ ಹಿಂದಿನ ಸಾಧನೆ ನೋಡಿ ಭಾರ ಹಂಚುವುದು ಈ ಓಟದ ಪದ್ಧತಿ. ಕ್ರಿಸ್ಪ್ ಮೊದಲ ಸುತ್ತಿನಲ್ಲೇ ಎಲ್ಲರನ್ನೂ ಬಿಟ್ಟು ಹೊರಟುಬಿಟ್ಟ. ಬೇಲಿಗಳು ಅವನಿಗೆ ಹೊಸ್ತಿಲು ದಾಟಿದ ಹಾಗೆ. ಎರಡನೆಯ ಸುತ್ತಿನಲ್ಲಿ ಇಪ್ಪತ್ತು ಕುದುರೆಯುದ್ದಕ್ಕೂ ಹೆಚ್ಚು ಮುಂದಿದ್ದ. ಹಿಂದೆ, ಬಹಳ ಹಿಂದೆ, ಒಂದೇ ಒಂದು ಕುದುರೆ ಅವನನ್ನು ಹಿಂಬಾಲಿಸುತ್ತಿತ್ತು. ಬ್ರಯನ್ ಫ್ಲೆಚರ್ ಸವಾರಿಯ ರೆಡ್ ರಮ್.

ಕೊನೆಯ ಬೇಲಿ ದಾಟಿದ ಮೇಲೆ ಇನ್ನೂ 494 ಗಜ ಖಾಲಿ ನೆಲ. ಕ್ರಿಸ್ಪ್ ದಣಿದಿದ್ದ. ಅವನ ಕಾಲುಗಳು ಅವನ ಮಾತು ಕೇಳುತ್ತಿಲ್ಲ ಎಂಬುದು ಪರದೆಯ ಮೇಲೂ ಕಾಣುತ್ತದೆ. ಓಲಾಡುತ್ತಾನೆ, ಎಡಕ್ಕೆ ವಾಲುತ್ತಾನೆ. ಜಾಕಿ ರಿಚರ್ಡ್ ಪಿಟ್‌ಮನ್ ಆ ಹೊತ್ತಿನಲ್ಲಿ ಚಾಟಿ ಎತ್ತಿದ್ದು ತನ್ನದೇ ತಪ್ಪು ಎಂದು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಗೆರೆ ಇನ್ನೇನು ಎರಡು ಹೆಜ್ಜೆ ಇದೆ ಎನ್ನುವಾಗ ರೆಡ್ ರಮ್ ಪಕ್ಕದಿಂದ ದಾಟಿದ. ಅಂತರ ಮುಕ್ಕಾಲು ಕುದುರೆಯುದ್ದ. ಸಮಯ 9 ನಿಮಿಷ 1.9 ಸೆಕೆಂಡ್, 1930ರ ದಶಕದಿಂದ ನಿಂತಿದ್ದ ದಾಖಲೆಗಿಂತ 18 ಸೆಕೆಂಡಿಗೂ ಹೆಚ್ಚು ಬೇಗ.

ಅಮ್ಮನಿಗೆ ವಿಡಿಯೋ ಕಳಿಸಿದ್ದೆ. ನೋಡಿ ಫೋನ್ ಮಾಡಿದವಳು ಗೆದ್ದವನ ಸುದ್ದಿಯನ್ನೇ ಎತ್ತಲಿಲ್ಲ. "ಆ ಮುಂದ್ ಓಡ್ತಿದ್ ಕುದ್ರಿ ಪಾಪ ಮಗಾ. ಅದ್ರ್ ಕಥೆ ಎಂತಾಯ್ತ್?" ಎಂದು ಕೇಳಿದಳು. ಅದೇ ವರ್ಷ ಡಾಂಕಾಸ್ಟರಿನಲ್ಲಿ ಇಬ್ಬರಿಗೂ ಸಮ ಭಾರ ಹೊರಿಸಿ ಓಡಿಸಿದರು, ಆಗ ಕ್ರಿಸ್ಪ್ ಸುಲಭವಾಗಿ ಗೆದ್ದ ಎಂದು ಹೇಳಿದೆ. ಅವಳಿಗೆ ಎಷ್ಟೋ ಸಮಾಧಾನವಾಯಿತು. ನನಗೂ ಹಾಗೇ. ಆ ದಿನ ಏಂಟ್ರಿಯಿಂದ ಮನೆಗೆ ಹೋದವರಲ್ಲಿ ಹೆಚ್ಚಿನವರು ಸೋತ ಕುದುರೆಗಾಗಿ ಮರುಗುತ್ತ ಹೋಗಿರಬೇಕು. ಹತ್ತು ಕಿಲೋ ಕಡಿಮೆ ಹೊತ್ತು ಗೆದ್ದ ಎಂಬ ಮಾತು ರೆಡ್ ರಮ್‌ಗೆ ಅಂಟಿಕೊಂಡಿತು.

ಮರುವರ್ಷ ಆ 12 ಸ್ಟೋನ್ ಭಾರವನ್ನು ಅವನ ಬೆನ್ನಿಗೇ ಹೊರಿಸಿದರು. ಗೆದ್ದ. ಮೂರು ವಾರ ಕಳೆದು ಸ್ಕಾಟಿಷ್ ಗ್ರ್ಯಾಂಡ್ ನ್ಯಾಷನಲ್ಲನ್ನೂ ಗೆದ್ದ. 1975ರಲ್ಲಿ ಲೆಸ್ಕಾರ್ಗೋ ಎಂಬ ಕುದುರೆ ಅವನನ್ನು ಸೋಲಿಸಿತು. ಫ್ರೆಂಚಿನಲ್ಲಿ ಆ ಹೆಸರಿನ ಅರ್ಥ ಬಸವನಹುಳು. ಕುದುರೆ ಮೊದಲಿನ ಹಾಗಿಲ್ಲ ಎಂದು ಪತ್ರಿಕೆಯವರ ಮುಂದೆ ಹೇಳಿದ ಫ್ಲೆಚರ್ ಆಮೇಲೆ ಅವನ ಬೆನ್ನೇರಲಿಲ್ಲ. 1976ರಲ್ಲಿ ರ್ಯಾಗ್ ಟ್ರೇಡ್ ಎದುರು ಎರಡು ಕುದುರೆಯುದ್ದದ ಸೋಲು. ಈ ಸಲ ಬೆನ್ನ ಮೇಲಿದ್ದವರು ಟಾಮಿ ಸ್ಟ್ಯಾಕ್, ಹಿಂದೆ ರೆಂಟನ್ ಲಾಯದಲ್ಲಿ ಅವನನ್ನು ಕೆಲಕಾಲ ನೋಡಿಕೊಂಡಿದ್ದ ಅದೇ ಸ್ಟ್ಯಾಕ್.

ಅಷ್ಟರಲ್ಲಿ ಏಂಟ್ರಿ ಬಯಲೇ ಉಳಿಯುತ್ತದೋ ಇಲ್ಲವೋ ಎಂಬ ಸ್ಥಿತಿ. 1973ರಲ್ಲಿ ಅದನ್ನು ಜಮೀನು ವ್ಯವಹಾರದವರೊಬ್ಬರು ಕೊಂಡಿದ್ದರು. ಟಿಕೆಟ್ ದರ ಏರಿಸಿದ 1975ರಲ್ಲಂತೂ ಜನವೇ ಬರಲಿಲ್ಲ. ಮನೆಗಳು ಏಳುತ್ತವೆ, ಓಟ ನಿಲ್ಲುತ್ತದೆ ಎಂದು ವರ್ಷ ವರ್ಷವೂ ಸುದ್ದಿ. ಆ ವರ್ಷಗಳಲ್ಲಿ ಜನರ ಮನಸ್ಸನ್ನು ಆ ಬಯಲಿಗೆ ಕಟ್ಟಿಹಾಕಿದ್ದು ಈ ಒಂದು ಕುದುರೆ ಎಂದು ಇಲ್ಲಿನ ಹಿರಿಯರು ಹೇಳುತ್ತಾರೆ. 1983ರಲ್ಲಿ ಅದು ಜಾಕಿ ಕ್ಲಬ್ ಎಂಬ ರೇಸಿನ ಸಂಸ್ಥೆಯ ಕೈಸೇರಿ ಉಳಿಯಿತು.

1977ಕ್ಕೆ ಅವನಿಗೆ 12 ವರ್ಷ. ಆ ಋತುವಿನಲ್ಲಿ ಸೋಲುಗಳೇ ಹೆಚ್ಚು. ಸಾಕು, ಇನ್ನು ಬಿಡಿ ಎಂದವರು ಅನೇಕರು. ಏಪ್ರಿಲ್ 2ರಂದು 73 ಕಿಲೋ ಹೊತ್ತು ಓಡಿದ. ಎರಡನೆಯ ಸುತ್ತಿನ ಬೀಚರ್ಸ್ ಬ್ರೂಕಿನಲ್ಲಿ ಮುಂದಿದ್ದ ಆ್ಯಂಡಿ ಪ್ಯಾಂಡಿ ಬಿದ್ದಾಗ ರೆಡ್ ರಮ್ ಮುಂದಾದ, ಮತ್ತೆ ಯಾರಿಗೂ ಸಿಗಲಿಲ್ಲ. ಗೆದ್ದದ್ದು 25 ಕುದುರೆಯುದ್ದದಿಂದ. ನಾಲ್ಕು ವರ್ಷದ ಹಿಂದೆ ಇನ್ನೊಬ್ಬನ ದಣಿವಿನಿಂದ ಗೆದ್ದವನು ಎಂದು ಕರೆಸಿಕೊಂಡವನು ಈಗ ಒಬ್ಬನೇ ಬರುತ್ತಿದ್ದಾನೆ, ಕಿವಿ ನೆಟ್ಟಗೆ ಮಾಡಿಕೊಂಡು. ಜನ ಹುಚ್ಚೆದ್ದು ಕೂಗುತ್ತಾರೆ. ಆ ದನಿ ಕೇಳುವಾಗ ನನಗೆ ಗಂಟಲು ಕಟ್ಟುತ್ತದೆ. ಅದೇ ಓಟದಲ್ಲಿ ಷಾರ್ಲಟ್ ಬ್ರೂ ಎಂಬ ಯುವತಿ ಗ್ರ್ಯಾಂಡ್ ನ್ಯಾಷನಲ್ ಓಡಿದ ಮೊದಲ ಹೆಣ್ಣಾದಳು.

ಅದೇ ಓಟದಲ್ಲಿ ಎರಡು ಕುದುರೆಗಳು ಸತ್ತವು: ವಿಂಟರ್ ರೇನ್, ಝೀಟಾಸ್ ಸನ್. ಇದನ್ನು ಬರೆಯದೆ ಹೋದರೆ ಈ ಬರಹ ಸುಳ್ಳಾಗುತ್ತದೆ. ಅವುಗಳಿಗೂ ಯಾರೋ ಬೆಳಗ್ಗೆ ಮೈ ತಿಕ್ಕಿದ್ದರು, ಹೆಸರು ಹಿಡಿದು ಕರೆದಿದ್ದರು. ಏಂಟ್ರಿಯಲ್ಲಿ ಈಚಿನ ವರ್ಷಗಳಲ್ಲಿ ಬೇಲಿಗಳ ಒಳಗಿನ ಗಟ್ಟಿ ಮರ ತೆಗೆದು ಮೆತ್ತಗಿನದು ಇಟ್ಟಿದ್ದಾರೆ, ಬೀಚರ್ಸ್ ಬ್ರೂಕಿನ ತಗ್ಗನ್ನು ಕಡಿಮೆ ಮಾಡಿದ್ದಾರೆ, 2024ರಿಂದ ಓಡುವ ಕುದುರೆಗಳ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದ್ದಾರೆ. ಅಷ್ಟು ಸಾಕೇ ಎಂದು ಕೇಳಿದರೆ ನನ್ನ ಉತ್ತರ ಸಾಲದು ಎಂದೇ. ರೆಡ್ ರಮ್‌ನನ್ನು ಪ್ರೀತಿಸುವುದಕ್ಕೂ ಈ ಮಾತಿಗೂ ನನ್ನೊಳಗೆ ಜಗಳವಿದೆ. ಅದು ಮುಗಿಯುತ್ತದೆ ಎಂದು ನಾನು ಕಾಯುತ್ತಿಲ್ಲ.

1978ರಲ್ಲಿ ಆರನೆಯ ಸಲ ಓಡಬೇಕಿತ್ತು. ಹಿಂದಿನ ದಿನ ಏಂಟ್ರಿಯಲ್ಲಿ ಸಣ್ಣಗೆ ಓಡಿಸಿದ ಮೇಲೆ ಕಾಲು ನೋವು ಕಾಣಿಸಿತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಕೂದಲೆಳೆಯಷ್ಟು ತೆಳುವಾದ ಮೂಳೆ ಬಿರುಕು. ಅಂಥ ಬಿರುಕನ್ನು ಚಿತ್ರದಲ್ಲಿ ಹುಡುಕುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಬೇಕು. ಅವನನ್ನು ಓಟದಿಂದ ಹಿಂದೆ ತೆಗೆದರು, ಅಲ್ಲಿಗೇ ನಿವೃತ್ತಿ. ಓಡಿಸಿದ್ದರೆ ಏನಾಗುತ್ತಿತ್ತು ಎಂದು ಊಹಿಸಲು ಮನಸ್ಸು ಬರುವುದಿಲ್ಲ. ದೇಶವೆಲ್ಲ ಕಾಯುತ್ತಿದ್ದ ಓಟದ ಹಿಂದಿನ ದಿನ, ಬೇಡ ಎಂದು ಹೇಳಿದ ಮೆಕೇನ್ ಬಗ್ಗೆ ನನ್ನ ಗೌರವ ಅಲ್ಲಿ ಇಮ್ಮಡಿಯಾಯಿತು.

ಹಿಡ ಮಾಡಿದ ಕುದುರೆಯಾದ್ದರಿಂದ ಮರಿ ಹುಟ್ಟಿಸಲು ಬೆಲೆಯಿಲ್ಲ. ಆದರೂ ಅವನು ಸುಮ್ಮನೆ ಕೊಟ್ಟಿಗೆಯಲ್ಲಿ ನಿಲ್ಲಲಿಲ್ಲ. ಅಂಗಡಿಗಳ ಉದ್ಘಾಟನೆಗೆ ಕರೆದರು, ಗ್ರ್ಯಾಂಡ್ ನ್ಯಾಷನಲ್ ದಿನದ ಮೆರವಣಿಗೆಯಲ್ಲಿ ಮುಂದೆ ನಡೆಸಿದರು. ನಿವೃತ್ತಿಗೂ ಮುಂಚೆ, 1977ರಲ್ಲೇ, ಬ್ಲ್ಯಾಕ್‌ಪೂಲಿನ ದೀಪಾಲಂಕಾರ ಬೆಳಗಿಸಲು ಅವನನ್ನೇ ಕರೆಸಿದ್ದರು. ಆ ವರ್ಷದ ಕೊನೆಗೆ ಬಿಬಿಸಿಯ ವರ್ಷದ ಕ್ರೀಡಾಪಟು ಸಮಾರಂಭಕ್ಕೆ ಸ್ಟುಡಿಯೋದ ಒಳಕ್ಕೇ ಕರೆತಂದರು. ಟಾಮಿ ಸ್ಟ್ಯಾಕ್ ಪೆಟ್ಟಾಗಿ ಮಲಗಿದ್ದರು, ಬರಲಾಗಲಿಲ್ಲ, ಪರದೆಯ ಮೇಲೆ ಮಾತಾಡಿದರು. ಝಗಮಗ ದೀಪ, ಸೂಟು ಬೂಟಿನ ಜನ, ನುಣುಪು ನೆಲ, ಇದೆಲ್ಲದರ ನಡುವೆ ತಣ್ಣಗೆ ನಿಂತಿದ್ದ ಕುದುರೆ, ಸ್ಟ್ಯಾಕ್ ದನಿ ಕೇಳುತ್ತಲೇ ಕಿವಿ ನಿಮಿರಿಸಿ ಆ ಕಡೆ ತಿರುಗಿತು. ಆ ಒಂದು ಗಳಿಗೆಯನ್ನು ಹಲವು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ. ಊರಿನಿಂದ ಅಮ್ಮನ ಫೋನ್ ಬಂದಾಗ ಆಸ್ಪತ್ರೆಯ ಗದ್ದಲದಲ್ಲೂ ನನ್ನ ತಲೆ ಹಾಗೇ ತಿರುಗುತ್ತದೆ.

ಮೆಕೇನ್ 2004ರಲ್ಲಿ ಆಂಬರ್‌ಲೀ ಹೌಸ್ ಎಂಬ ಕುದುರೆಯಿಂದ ನಾಲ್ಕನೆಯ ಸಲ ಗ್ರ್ಯಾಂಡ್ ನ್ಯಾಷನಲ್ ಗೆದ್ದರು, 2011ರಲ್ಲಿ ತೀರಿಕೊಂಡರು. ರೆಡ್ ರಮ್ ತೀರಿಕೊಂಡದ್ದು 1995ರ ಅಕ್ಟೋಬರ್ 18ರಂದು, 30 ವರ್ಷ ತುಂಬಿದ ಮೇಲೆ. ಕುದುರೆಗೆ ಅದು ತುಂಬು ಬಾಳು. ಅವನನ್ನು ಮಣ್ಣು ಮಾಡಿದ್ದು ಏಂಟ್ರಿಯಲ್ಲೇ, ಗೆಲುವಿನ ಗೆರೆಯ ಪಕ್ಕದಲ್ಲಿ, ತಲೆಯನ್ನು ಆ ಗೆರೆಯ ಕಡೆಗೆ ಇಟ್ಟು.

ಕಳೆದ ಬೇಸಿಗೆಯಲ್ಲಿ ರಜೆಯ ದಿನ ಅಲ್ಲಿಗೆ ಹೋಗಿದ್ದೆ. ಓಟವಿಲ್ಲದ ದಿನ, ಕುರ್ಚಿಗಳೆಲ್ಲ ಖಾಲಿ. ಕಲ್ಲಿನ ಮುಂದೆ ಯಾರೋ ಹೂವಿನ ಗೊಂಚಲು ಇಟ್ಟು ಹೋಗಿದ್ದರು, ಬಾಡಿ ಎರಡು ಮೂರು ದಿನವಾಗಿತ್ತು. ಬೇರೆಯವರು ಕಲ್ಲಿನ ಫೋಟೋ ತೆಗೆಯುತ್ತಿದ್ದರು. ನಾನು ನೆಲ ನೋಡುತ್ತ ನಿಂತೆ. ಈ ಹುಲ್ಲಿನಡಿ ಎಲ್ಲೋ ನಾಲ್ಕು ಪೆಡಲ್ ಮೂಳೆಗಳಿವೆ. ಅವುಗಳಲ್ಲಿ ಒಂದು ಒರಟು ಅಂಚಿನದು, ಕೊಂಡವರಿಗೆ ಮೋಸವಾಯಿತು ಎನಿಸುವಂಥದ್ದು. ನನ್ನ ಮೇಜಿನ ಮೇಲೆ ಅದರ ಚಿತ್ರ ಬಂದಿದ್ದರೆ, ಹೆಸರು ಮುಚ್ಚಿ ತೋರಿಸಿದ್ದರೆ, ಈ ಪ್ರಾಣಿ ಇನ್ನು ಓಡುವುದಿಲ್ಲ ಎಂದು ನಾನೂ ಬರೆಯುತ್ತಿದ್ದೆ.